ಏಳುತ್ತಿತ್ತು, ನೆಗೆಯುತ್ತಿತ್ತು, ಮೂಗು ಕುಟ್ಟಿ ಬೀಳುತ್ತಿತ್ತು: ಶೆಡ್ಡಿನಲ್ಲಿ ಕಟ್ಟಿದ ಒಂದು ರೇಸಿಂಗ್ ಹಾಯಿದೋಣಿಯ ಪ್ರಕರಣ

ಸಮಸ್ಯೆ ಏನಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ಗೆಳೆಯ ತನ್ನ ಶೆಡ್ಡಿನಲ್ಲಿ ಕಟ್ಟಿದ ಹಾಯಿದೋಣಿ, ಕೆಳಗೆ ಹಚ್ಚಿದ ನೀರೊಳಗಿನ ರೆಕ್ಕೆಗಳ ಬಲದಿಂದ, ನೀರಿನಿಂದ ಮೇಲೇಳುತ್ತಿತ್ತು. ಕೆಲವು ಸೆಕೆಂಡು ಚೆನ್ನಾಗಿ ಹಾರುತ್ತಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಇನ್ನೂ ಮೇಲಕ್ಕೆ ನೆಗೆದು, ಮೂಗು ಕೆಳಗೆ ಮಾಡಿ ಧೊಪ್ಪನೆ ಬೀಳುತ್ತಿತ್ತು. ಗಾಳಿ ಕಮ್ಮಿ ಇರಲಿ, ಜಾಸ್ತಿ ಇರಲಿ, ಕೊನೆಗೆ ಇದೇ ಆಗುತ್ತಿತ್ತು. ಹೊಸಬರು ಬೀಳುವುದು ಸಹಜ, ಕೈ ಪಳಗಿದರೆ ಸರಿಹೋಗುತ್ತದೆ ಅಂತ ನೋಡಿದವರೆಲ್ಲ ಹೇಳಿದರು. ಆದರೆ ಹೊಸಬರು ಹತ್ತು ಥರ ಬೀಳುತ್ತಾರೆ, ಅಲ್ವಾ? ಈ ದೋಣಿ ಒಂದೇ ಥರ ಬೀಳುತ್ತಿತ್ತು. ನಮ್ಮನ್ನು ಕೊರೆಯುತ್ತಿದ್ದದ್ದು ಅದೇ.

ನಾನು ಈ ಕೆಲಸದಲ್ಲಿ ಎರಡನೇ ಜೋಡಿ ಕೈ. ಎಪಾಕ್ಸಿ ಅಂಟು ಕಲಸುವಾಗ, ಕಾರ್ಬನ್ ಬಟ್ಟೆ ಹಾಸುವಾಗ ಜೊತೆಗಿದ್ದೆ. ದೋಣಿ ನೀರಿಗಿಳಿದ ಮೇಲೆ ಹಿಂದೆ ಮೋಟಾರು ಬೋಟಿನಲ್ಲಿ ಕಾವಲು ಹೋಗುತ್ತಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹಾಗಾಗಿ ಇದು ಹೊರಗೆ ನಿಂತು ನೋಡಿದವನ ಲೆಕ್ಕ ಅಂದುಕೊಳ್ಳಿ.

ದೋಣಿ ಯಾವುದು

ಇಂಟರ್‌ನ್ಯಾಷನಲ್ ಮಾಥ್ ಅನ್ನುವ ವರ್ಗದ ದೋಣಿ. ಒಬ್ಬರೇ ಓಡಿಸುವಂಥದ್ದು. ಉದ್ದ 3.355 ಮೀಟರ್ ಮೀರಬಾರದು, ಅಗಲ 2.25 ಮೀಟರ್ ಮೀರಬಾರದು, ಹಾಯಿ ಸುಮಾರು 8 ಚದರ ಮೀಟರ್. ಕನಿಷ್ಠ ತೂಕ ಅನ್ನುವ ನಿಯಮವೇ ಇಲ್ಲ. ಇದರ ಬೀಜ ಬಿದ್ದದ್ದು ಎರಡು ಕಡೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ. 1928ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಇನ್‌ವರ್ಲಾಕ್ ಎಂಬಲ್ಲಿ ಲೆನ್ ಮಾರಿಸ್ ಹನ್ನೊಂದು ಅಡಿಯ ಒಂದು ಚಪ್ಪಟೆ ಮೂಗಿನ ದೋಣಿ ಕಟ್ಟಿದರು. ಮರುವರ್ಷ ಅಮೆರಿಕದ ನಾರ್ತ್ ಕ್ಯಾರೊಲೈನಾದ ಎಲಿಜಬೆತ್ ಸಿಟಿಯಲ್ಲಿ ಜೋಯಲ್ ವ್ಯಾನ್ ಸ್ಯಾಂಟ್ ಅಷ್ಟೇ ಉದ್ದದ ಇನ್ನೊಂದನ್ನು ಕಟ್ಟಿದರು. ಆಮೇಲೆ ಎರಡೂ ಸೇರಿ ಒಂದೇ ವರ್ಗವಾಯಿತು. ಅಳತೆಯ ಚೌಕಟ್ಟಿನೊಳಗೆ ಯಾರು ಹೇಗೆ ಬೇಕಾದರೂ ಕಟ್ಟಬಹುದು ಅನ್ನುವುದು ಮೊದಲಿನಿಂದಲೂ ಇದರ ಗುಣ. ಶೆಡ್ಡಿನಲ್ಲಿ ಕಟ್ಟುವವರು ಇದರ ಕಡೆಗೆ ವಾಲುವುದು ಅದಕ್ಕೇ.

2000ದ ಆಸುಪಾಸಿನಲ್ಲಿ ಸಿಡ್ನಿಯ ಇಯಾನ್ ವಾರ್ಡ್, ಪರ್ತ್‌ನ ಇಲೆಟ್ ಸಹೋದರರು ಇದಕ್ಕೆ ನೀರೊಳಗಿನ ರೆಕ್ಕೆ ಹಚ್ಚಿದರು. ಒಡಲಿನ ನಡುವಿನಿಂದ ಇಳಿಯುವ ಹಲಗೆಯ ತುದಿಗೆ ತಲೆಕೆಳಗಾದ ಟಿ ಆಕಾರದಲ್ಲಿ ಒಂದು ಫಾಯಿಲ್, ಚುಕ್ಕಾಣಿಯ ತುದಿಗೆ ಇನ್ನೊಂದು. ವೇಗ ಬಂದ ಕೂಡಲೇ ದೋಣಿಯ ಒಡಲು ನೀರು ಬಿಟ್ಟು ಮೇಲೇಳುತ್ತದೆ. 2005ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪನ್ನು ರೋಹನ್ ವೀಲ್ ಫಾಯಿಲ್ ಮೇಲೆ ಗೆದ್ದರು. ಅಲ್ಲಿಂದ ಮುಂದೆ ಹಾರದ ಮಾಥ್ ತೆಗೆದುಕೊಂಡು ಗೆಲ್ಲುವ ಆಸೆ ಯಾರಿಗೂ ಉಳಿಯಲಿಲ್ಲ. ಒಳ್ಳೆಯ ಕೈಯಲ್ಲಿ ಈಗ ಇವು 30 ನಾಟ್ ದಾಟುತ್ತವೆ, ಅಂದರೆ ಗಂಟೆಗೆ 55 ಕಿಲೋಮೀಟರಿಗಿಂತ ಜಾಸ್ತಿ.

ಗೆಳೆಯನಿಗೆ ತಯಾರಾದ ದೋಣಿ ಕೊಳ್ಳುವ ಮನಸ್ಸಿರಲಿಲ್ಲ. ಫಾಯಿಲ್ ಒಳಗೆ ಏನಿದೆ ಅಂತ ಗೊತ್ತಿರದೆ ಅದರ ಮೇಲೆ ಕೂರಲು ಇಷ್ಟವಿಲ್ಲ ಅಂತಿದ್ದ. ನನಗೂ ಆ ಮಾತು ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಕಟ್ಟಿದ್ದು

ಒಡಲಿನ ವಿಷಯ ಜಾಸ್ತಿ ಎಳೆಯುವುದಿಲ್ಲ, ಏಕೆಂದರೆ ಹಾರುವ ದೋಣಿಯಲ್ಲಿ ಒಡಲು ಅಂದರೆ ಮೇಲೇಳುವ ತನಕ ತೇಲಲು ಬೇಕಾದ ಒಂದು ಪೆಟ್ಟಿಗೆ ಅಷ್ಟೇ. ಫೋಮ್ ಹಲಗೆಯ ಎರಡೂ ಕಡೆ ತೆಳು ಕಾರ್ಬನ್ ಬಟ್ಟೆ. ನೀರಿನ ಮಟ್ಟದಲ್ಲಿ ಅಗಲ ಸುಮಾರು 33 ಸೆಂಟಿಮೀಟರ್. ಎರಡು ಕಡೆಗೂ ಚಾಚಿದ ರೆಕ್ಕೆಚೌಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಕೂರುವುದು ಅದರ ಮೇಲೆ. ಮಾಸ್ಟ್, ಅಂದರೆ ಹಾಯಿಕಂಬ, ಮತ್ತು ಹಾಯಿ ಹಳೆಯವು, ಕೈದಾಟಿಸಿ ಬಂದವು. ಎಲ್ಲ ಸೇರಿಸಿ ತೂಗಿದಾಗ 39 ಕಿಲೋ ಬಂತು. ಕಾರ್ಖಾನೆಯ ಮಾಥ್‌ಗಳು 30 ಕಿಲೋ ಹತ್ತಿರ ಇರುತ್ತವೆ. ಮನೆಯಲ್ಲಿ ಕಟ್ಟಿದ್ದಕ್ಕೆ ಇದು ಒಳ್ಳೆಯ ತೂಕ ಅಂತ ನನ್ನ ಅಭಿಪ್ರಾಯ.

ಎಪಾಕ್ಸಿ ಬಗ್ಗೆ ಮಾತ್ರ ಒಂದೆರಡು ಮಾತು ಹೇಳಲೇಬೇಕು. ರೆಸಿನ್ ಮತ್ತು ಹಾರ್ಡನರ್ ಅನ್ನು ತಕ್ಕಡಿಯಲ್ಲಿ ತೂಗಿಯೇ ಕಲಸಬೇಕು, ಕಣ್ಣಳತೆ ಬೇಡ. ಒಂದೇ ಡಬ್ಬಿಯಲ್ಲಿ ಜಾಸ್ತಿ ಕಲಸಿಟ್ಟರೆ ತಾನೇ ಬಿಸಿಯಾಗಿ ಹೊಗೆಯಾಡುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಶಾಖ ಹೊರಹೋಗುತ್ತದೆ, ಕೆಲಸಕ್ಕೆ ಸಮಯ ಸಿಗುತ್ತದೆ. ಬರೀ ಕೋಣೆಯ ಬಿಸಿಯಲ್ಲಿ ಒಣಗಿದ ಎಪಾಕ್ಸಿ ಗಟ್ಟಿಯಾಗಿ ಕಂಡರೂ ಬಿಸಿಲಲ್ಲಿ ಮೆತ್ತಗಾಗಬಹುದು. ಕಪ್ಪು ಕಾರ್ಬನ್ ಬಿಸಿಲಲ್ಲಿ ಎಷ್ಟು ಕಾಯುತ್ತದೆ ಅಂತ ಮುಟ್ಟಿ ನೋಡಿದವರಿಗೆ ಗೊತ್ತು. ಆದ್ದರಿಂದ ಫಾಯಿಲ್‌ಗಳನ್ನು ಆಮೇಲೆ ಒಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಹೀಟರ್ ಹಚ್ಚಿ, ನಿಧಾನಕ್ಕೆ ಬಿಸಿ ಏರಿಸಿ ಕೆಲವು ಗಂಟೆ ಕಾಯಿಸಬೇಕು. ಇನ್ನೊಂದು, ಕೈಗವಸು ಹಾಕದೆ ಎಪಾಕ್ಸಿ ಮುಟ್ಟಬೇಡಿ. ಒಮ್ಮೆ ಮೈಗೆ ಅಲರ್ಜಿ ಹತ್ತಿದರೆ ಅದು ಬಿಡುವುದಿಲ್ಲ, ಮತ್ತೆ ಯಾವತ್ತೂ ಈ ಕೆಲಸ ಮಾಡಲಾಗದ ಹಾಗೆ ಆಗಬಹುದು. ಕಾರ್ಬನ್ ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ನಿಜವಾದ ಕೆಲಸ ಇದ್ದದ್ದು ಫಾಯಿಲ್‌ಗಳಲ್ಲಿ. ನೀರಿಗಿಳಿಯುವ ಕಂಬಕ್ಕೆ, ಅಂದರೆ ಆ ನಡುವಿನ ಹಲಗೆಗೆ, ನಾಕಾ 0012 ಅನ್ನುವ ಅಡ್ಡಕೊಯ್ತ ಆರಿಸಿಕೊಂಡ (ನಾಕಾ ಅಂದರೆ ವಿಮಾನದ ರೆಕ್ಕೆಯ ಆಕಾರಗಳಿಗೆ ನಂಬರು ಕೊಟ್ಟ ಅಮೆರಿಕದ ಹಳೆಯ ಸಂಸ್ಥೆ). ಎರಡೂ ಬದಿ ಒಂದೇ ಥರ, ದಪ್ಪ ಅಗಲದ ಶೇಕಡಾ 12. ಮುಖ್ಯ ಫಾಯಿಲ್‌ಗೆ ನಾಕಾ 63-412, ಅದೂ ಶೇಕಡಾ 12 ದಪ್ಪದ್ದೇ, ಆದರೆ ಮೇಲುಬ್ಬು ಇರುವುದರಿಂದ ನೇರ ಇಟ್ಟರೂ ಎತ್ತುತ್ತದೆ. ಕಂಬದ ಉದ್ದಕ್ಕೂ ನೇರ ಎಳೆಯ ಕಾರ್ಬನ್, ಬಾಗದಿರಲು. ಅದರ ಹೊರಗೆ ಓರೆಯಾಗಿ 45 ಡಿಗ್ರಿಗೆ ಹಾಸಿದ ಬಟ್ಟೆ, ತಿರುಚದಿರಲು. ಈ ಎರಡನೆಯದನ್ನು ತೂಕ ಉಳಿಸಲು ಬಿಡುವವರಿದ್ದಾರೆ. ಕಂಬ ತಿರುಚಿದರೆ ಫಾಯಿಲ್ ನೀವು ಇಟ್ಟ ಕೋನದಲ್ಲಿ ಇರುವುದಿಲ್ಲ, ಆಮೇಲೆ ಯಾವ ಅಳತೆಗೂ ಅರ್ಥವಿಲ್ಲ.

ಮುಖ್ಯ ಫಾಯಿಲ್‌ನ ಹಿಂಬದಿಯಲ್ಲಿ ಮಡಚುವ ಒಂದು ಪಟ್ಟಿ ಇರುತ್ತದೆ, ಫ್ಲ್ಯಾಪ್. ಅದು ಕೆಳಗೆ ಬಾಗಿದರೆ ಎತ್ತುವ ಬಲ ಜಾಸ್ತಿ, ಮೇಲೆ ಬಾಗಿದರೆ ಕಮ್ಮಿ. ಅದನ್ನು ಆಡಿಸುವುದು ಸವಾರನಲ್ಲ, ದೋಣಿಯೇ. ಮೂಗಿನಲ್ಲಿ ಒಂದು ಕಡ್ಡಿ ನೇತಾಡುತ್ತದೆ, ವಾಂಡ್ ಅನ್ನುತ್ತಾರೆ. ಅದರ ತುದಿ ನೀರನ್ನು ಸವರುತ್ತಾ ಹೋಗುತ್ತದೆ. ದೋಣಿ ತಗ್ಗಿನಲ್ಲಿದ್ದರೆ ನೀರು ಕಡ್ಡಿಯನ್ನು ಹಿಂದಕ್ಕೆ ನೂಕುತ್ತದೆ, ಫ್ಲ್ಯಾಪ್ ಕೆಳಗಾಗುತ್ತದೆ. ದೋಣಿ ಏರಿದ ಹಾಗೆ ಒಂದು ಎಲಾಸ್ಟಿಕ್ ದಾರ ಕಡ್ಡಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ, ಫ್ಲ್ಯಾಪ್ ಮೇಲಾಗುತ್ತದೆ, ಎತ್ತುವ ಬಲ ತಗ್ಗುತ್ತದೆ. ನಡುವೆ ಪುಶ್‌ರಾಡ್ ಅನ್ನುವ ನೂಕು ಸರಳುಗಳು, ಒಂದು ತಿರುಗು ಕೊಂಡಿ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ಇಷ್ಟು ಸರಳವಾದದ್ದು ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಕಂಡರೆ ನನಗೆ ಈಗಲೂ ಖುಷಿ.

ಇದು ಏಕೆ ಬೇಕು ಅನ್ನುವುದಕ್ಕೆ ಲೆಕ್ಕ ನೋಡಿ. ಸವಾರ 68 ಕಿಲೋ, ದೋಣಿ 39, ಒದ್ದೆ ಬಟ್ಟೆ, ಜಾಕೆಟ್ ಎಲ್ಲ ಸೇರಿ 112 ಕಿಲೋ, ಅಂದರೆ ಸುಮಾರು 1,100 ನ್ಯೂಟನ್. ಎರಡೂ ಫಾಯಿಲ್ ಸೇರಿ ವಿಸ್ತೀರ್ಣ 0.185 ಚದರ ಮೀಟರ್. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ, ಅಂದರೆ ಹೆಚ್ಚುಕಮ್ಮಿ 8 ನಾಟ್‌ನಲ್ಲಿ, ಇಷ್ಟು ಭಾರ ಎತ್ತಲು ಎತ್ತುವ ಗುಣಾಂಕ, ಅಂದರೆ ಫಾಯಿಲ್ ಎಷ್ಟು ಜೋರಾಗಿ ಎತ್ತುತ್ತಿದೆ ಅನ್ನುವ ಅಳತೆ, 0.74 ಬೇಕು. ಫ್ಲ್ಯಾಪ್ ಪೂರ್ತಿ ಇಳಿದಿದ್ದರೆ ಸಿಗುತ್ತದೆ. ಈಗ ವೇಗ ಎರಡರಷ್ಟಾಯಿತು ಅನ್ನಿ. ಫ್ಲ್ಯಾಪ್ ಇದ್ದಲ್ಲೇ ಇದ್ದರೆ ಎತ್ತುವ ಬಲ ನಾಲ್ಕರಷ್ಟು. 112 ಕಿಲೋ ಭಾರವನ್ನು ಸುಮಾರು 450 ಕಿಲೋ ಎತ್ತುವ ಬಲ ಮೇಲಕ್ಕೆ ತಳ್ಳುತ್ತದೆ. ಗುಣಾಂಕ 0.19ರ ಹತ್ತಿರಕ್ಕೆ ಇಳಿಯಲೇಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಇಳಿಯದಿದ್ದರೆ ದೋಣಿ ಏರುತ್ತಲೇ ಹೋಗುತ್ತದೆ, ಫಾಯಿಲ್ ನೀರಿನ ಮೇಲ್ಮೈ ಹತ್ತಿರ ಬರುತ್ತದೆ, ಕಂಬದ ಗುಂಟ ಗಾಳಿ ಕೆಳಗಿಳಿದು ಫಾಯಿಲ್‌ನ ಬೆನ್ನು ಹಿಡಿಯುತ್ತದೆ, ಎತ್ತುವ ಬಲ ಒಂದೇ ಏಟಿಗೆ ಮಾಯ. ಮೂಗು ಕೆಳಗೆ. ನಮಗೆ ಆಗುತ್ತಿದ್ದದ್ದು ಅಕ್ಷರಶಃ ಇದೇ.

ಹಾರುವ ಮೊದಲು

ಫಾಯಿಲ್ ಕಥೆಗೆ ಬರುವ ಮುಂಚೆ ಇನ್ನೊಂದು ಹಂತವಿದೆ, ಅದನ್ನು ಹಾರಿಸಿ ಹೇಳಿದರೆ ಹೊಸಬರಿಗೆ ಅನ್ಯಾಯ. 33 ಸೆಂಟಿಮೀಟರ್ ಅಗಲದ ಒಡಲು ನಿಂತ ನೀರಿನಲ್ಲಿ ತಾನಾಗಿ ನಿಲ್ಲುವುದಿಲ್ಲ. ನೀವು ಹತ್ತಿದ ಕ್ಷಣವೇ ಮಗುಚುತ್ತದೆ. ಮಾಮೂಲಿ ಡಿಂಗಿಯಲ್ಲಿ, ಅಂದರೆ ಹಾರದ ಸಣ್ಣ ಹಾಯಿದೋಣಿಯಲ್ಲಿ, ವರ್ಷಗಟ್ಟಲೆ ಓಡಿಸಿದವರಿಗೂ ಇದು ಹೊಸದು. ಗೆಳೆಯ ಚೆನ್ನಾಗಿ ಹಾಯಿ ನಡೆಸುವವನೇ, ಆದರೂ ಮೊದಲ ದಿನಗಳೆಲ್ಲ ಮಗುಚಿದ ದೋಣಿ ಎತ್ತುವುದರಲ್ಲೇ ಕಳೆದವು.

ಅದಕ್ಕೊಂದು ಕ್ರಮ ಇದೆ. ಮೂಗನ್ನು ಗಾಳಿಯ ಕಡೆಗೆ ತಿರುಗಿಸಿಕೊಳ್ಳಬೇಕು, ಹಾಯಿಯನ್ನು ಎಳೆದು ಹಿಡಿಯುವ ಮೇನ್‌ಶೀಟ್ ಹಗ್ಗ ಪೂರ್ತಿ ಸಡಿಲ ಬಿಡಬೇಕು, ನಡುವಿನ ಕಂಬದ ಮೇಲೆ ನಿಂತು ದೋಣಿ ಏಳುವಾಗಲೇ ಗಾಳಿ ಬರುವ ಕಡೆಯ ರೆಕ್ಕೆಯ ಮೇಲೆ ಮೈ ಹಾಕಬೇಕು. ಕೂತ ಮೇಲೂ ಸುಮ್ನೆ ಕೂರುವ ಹಾಗಿಲ್ಲ. ಹಗ್ಗ ಸ್ವಲ್ಪ ಎಳೆದು ಹಾಯಿಯಲ್ಲಿ ಗಾಳಿ ತುಂಬಿಕೊಂಡರೆ ಅದೇ ನಿಮ್ಮ ಆಸರೆ, ಅದಕ್ಕೆ ಒರಗಿಕೊಂಡ ಹಾಗೆ ಕೂರಬೇಕು. ಗಾಳಿ ಸತ್ತರೆ ನೀವೂ ನೀರಿಗೆ. ಇದು ಮೈಗೆ ಹತ್ತುವ ತನಕ ಹಾರುವ ಮಾತೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಲ್ಮೆಟ್, ಲೈಫ್ ಜಾಕೆಟ್, ಜೊತೆಗೊಂದು ಬೋಟು ಇಲ್ಲದೆ ಇದನ್ನು ಮಾಡಲೇಬಾರದು. ಫಾಯಿಲ್‌ನ ಹಿಂಅಂಚು ಚಾಕುವಿನಷ್ಟೇ ಹರಿತ, ಬಿದ್ದಾಗ ಅದರಿಂದ ದೂರ ಬೀಳುವುದನ್ನೂ ಕಲಿಯಬೇಕು.

ಆಮೇಲೆ ಹಾರಿದ. ಗಾಳಿಗೆ ಅಡ್ಡವಾಗಿ ಹೋಗುತ್ತಾ, ದೋಣಿಯನ್ನು ಸ್ವಲ್ಪ ತನ್ನ ಕಡೆಗೆ, ಅಂದರೆ ಗಾಳಿ ಬರುವ ಕಡೆಗೆ ವಾಲಿಸಿಕೊಂಡು, ಹಗ್ಗ ಎಳೆದ. ನೀರಿನ ಸದ್ದು ನಿಂತಿತು, ದೋಣಿ ಮೇಲೆ ಬಂತು. ಹಿಂದಿನಿಂದ ನೋಡುತ್ತಿದ್ದ ನಾನು ಕೂಗಿದ್ದು ಅವನಿಗೆ ಕೇಳಿಸಿತಂತೆ. ಅಲ್ಲಿಂದಲೇ ನೆಗೆತ ಶುರುವಾಯಿತು.

ಹುಡುಕಾಟ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ವಾಂಡಿನ ಉದ್ದ ಬದಲಿಸಿದೆವು. ಚುಕ್ಕಾಣಿಯ ಫಾಯಿಲ್‌ನ ಕೋನ ತಿರುಗಿಸಿದೆವು, ಅದಕ್ಕೆ ಟಿಲ್ಲರ್ ಎಕ್ಸ್‌ಟೆನ್ಶನ್‌ನಲ್ಲೇ, ಅಂದರೆ ಚುಕ್ಕಾಣಿ ತಿರುಗಿಸಲು ಸವಾರ ಹಿಡಿಯುವ ಉದ್ದ ಕೋಲಿನಲ್ಲೇ, ತಿರುಗಿಸುವ ಹಿಡಿ ಇದೆ. ಕೂರುವ ಜಾಗ ಮುಂದೆ ಮಾಡಿದ. ಸ್ವಲ್ಪ ಸ್ವಲ್ಪ ವ್ಯತ್ಯಾಸ ಕಂಡಿತು, ಆದರೆ ಕೊನೆಗೆ ಅದೇ ನೆಗೆತ, ಅದೇ ಮೂಗು.

ದಾರಿ ತೋರಿಸಿದ್ದು ಬೇರೆಯವರ ಕೈ. ಮಾಥ್‌ನಲ್ಲಿ ತುಂಬ ವರ್ಷ ರೇಸ್ ಮಾಡಿದ ಒಬ್ಬರು ಈ ದೋಣಿ ಹತ್ತಿ ನೋಡಲು ಒಪ್ಪಿದರು. ಅವರ ಕೈಯಲ್ಲೂ ಅದು ನೆಗೆದು ಬಿತ್ತು. ಆದರೆ ಗೆಳೆಯನಿಗಿಂತ ಎಷ್ಟೋ ಹೊತ್ತು ಜಾಸ್ತಿ ಹಾರಿಸಿದ ಮೇಲೆ. ನಾನು ನೋಟ್‌ಬುಕ್ಕಿನಲ್ಲಿ ಆ ದಿನ ಬರೆದ ಸಾಲು: "ಅವರೂ ಬಿದ್ದರು, ಹಾಗಾಗಿ ದೋಣಿಯಲ್ಲಿ ತಪ್ಪಿದೆ. ಅವರು ತಡವಾಗಿ ಬಿದ್ದರು, ಹಾಗಾಗಿ ಕೈಯಲ್ಲೂ ಏನೋ ಇದೆ." ಒಂದಲ್ಲ, ಎರಡು ಕಾರಣ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದೇ ಇದು. ಎರಡು ಕಾರಣಗಳ ಫಲ ಒಂದೇ ಥರ ಕಂಡರೆ, ಒಂದನ್ನು ಅರ್ಧ ಸರಿಮಾಡಿದಾಗಲೂ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ನಮ್ಮ ಹೊಂದಾಣಿಕೆಗಳಲ್ಲಿ ಯಾವುದು ಕೆಲಸ ಮಾಡಿತ್ತು, ಯಾವುದು ಇಲ್ಲ ಅಂತ ತಿಳಿಯಲು ದಾರಿಯೇ ಇರಲಿಲ್ಲ. ಕೈಯನ್ನೂ ದೋಣಿಯನ್ನೂ ಬೇರೆ ಬೇರೆ ಮಾಡಿ ನೋಡಬೇಕಿತ್ತು.

ಬೇರೆ ಮಾಡುವುದು ಹೇಗೆ? ಹಾಯಿಯನ್ನೇ ತೆಗೆದುಬಿಟ್ಟೆವು. ಮಾಸ್ಟ್ ಇಳಿಸಿ, ಒಡಲಿನ ಕೆಳಮಟ್ಟದಲ್ಲಿ ಹಗ್ಗ ಕಟ್ಟಿ, ಮೋಟಾರು ಬೋಟಿನ ಹಿಂದೆ ಎಳೆದೆವು. ಗಾಳಿ ಇಲ್ಲದ ಬೆಳಿಗ್ಗೆ, ನೀರು ನುಣ್ಣಗೆ. ಎಳೆಯುವ ಹಗ್ಗಕ್ಕೆ ಸವಾರನ ಕೈಗೆ ಸಿಗುವ ಹಾಗೆ ತಟ್ಟನೆ ಬಿಚ್ಚುವ ಕೊಂಡಿ ಇರಲೇಬೇಕು, ಅದಿಲ್ಲದೆ ಇದನ್ನು ಮಾಡಬೇಡಿ. 8 ನಾಟ್ ಹತ್ತಿರ ದೋಣಿ ಎದ್ದಿತು. 10 ದಾಟುತ್ತಿದ್ದ ಹಾಗೆ ನೆಗೆಯಿತು. ಹಾಯಿ ಇಲ್ಲ, ಮೇನ್‌ಶೀಟ್ ಇಲ್ಲ, ಗಾಳಿ ಇಲ್ಲ, ಸವಾರ ಅಲುಗಾಡದೆ ಕೂತಿದ್ದಾನೆ. ಅಂದ ಮೇಲೆ ಈ ನೆಗೆತ ದೋಣಿಯದ್ದೇ.

ಬೋಟಿನಿಂದ ತೆಗೆದ ವಿಡಿಯೋವನ್ನು ನಿಧಾನಗತಿಯಲ್ಲಿ ನೋಡಿದೆವು. ದೋಣಿ ಏರುತ್ತಿದೆ, ಆದರೆ ವಾಂಡ್ ಹಿಂದಕ್ಕೆ ವಾಲಿದ ಹಾಗೇ ಇದೆ. ಅದರ ತುದಿ ನೀರು ಬಿಟ್ಟು ಗಾಳಿಯಲ್ಲಿ ನಿಂತಿದೆ. ಎಲಾಸ್ಟಿಕ್ ಅದನ್ನು ಮುಂದಕ್ಕೆ ಎಳೆಯಬೇಕಿತ್ತು, ಎಳೆಯುತ್ತಿಲ್ಲ. ಏನೋ ಹಿಡಿದುಕೊಂಡಿದೆ.

ಶೆಡ್ಡಿಗೆ ತಂದು ನೋಡಿದರೆ ಎಲ್ಲ ಸರಾಗ. ವಾಂಡ್ ಎಳೆದರೆ ಫ್ಲ್ಯಾಪ್ ಆಡುತ್ತದೆ, ಬಿಟ್ಟರೆ ವಾಪಸ್ ಹೋಗುತ್ತದೆ. ಸಡಿಲ ಇಲ್ಲ, ತಿಕ್ಕಾಟ ಇಲ್ಲ. ಇಲ್ಲಿ ಕೈಬಿಡುವವರು ಜಾಸ್ತಿ. ಗೆಳೆಯ ಬಿಡಲಿಲ್ಲ, ಆ ಕಾರಣಕ್ಕೆ ಅವನ ಬಗ್ಗೆ ನನಗೆ ಗೌರವ. ನೀರಲ್ಲಿ ಇರುವುದು ಇಲ್ಲಿ ಏನು ಇಲ್ಲ ಅಂತ ಕೇಳಿದ. ಭಾರ ಇಲ್ಲ. ಹಾರುವಾಗ ಮುಖ್ಯ ಫಾಯಿಲ್ ಹೊರುವುದು ಒಟ್ಟು ತೂಕದ ಶೇಕಡಾ 80ರ ಹತ್ತಿರ, ಅಂದರೆ 90 ಕಿಲೋ.

ದೋಣಿಯನ್ನು ತಲೆಕೆಳಗಾಗಿ ಸ್ಟ್ಯಾಂಡ್ ಮೇಲೆ ಇಟ್ಟೆವು. ಆಗ ನೀರು ಎತ್ತುವ ದಿಕ್ಕು ಮತ್ತು ಭಾರ ಎಳೆಯುವ ದಿಕ್ಕು ಎರಡೂ ಒಂದೇ ಆಗುತ್ತದೆ. ಮರಳು ತುಂಬಿದ ಚೀಲಗಳನ್ನು ತೂಗಿ, ಫಾಯಿಲ್‌ನ ಎರಡೂ ಕಡೆ ಉದ್ದಕ್ಕೆ ಸಮವಾಗಿ ಹೇರಿದೆವು, ಕಡೆಗೆ 45 ಕಿಲೋ. ತುದಿಗಳು ಸುಮಾರು ಒಂದು ಸೆಂಟಿಮೀಟರ್ ಬಾಗಿದವು. ಅದು ಸಹಜ, ಬಾಗದ ಫಾಯಿಲ್ ಇಲ್ಲ. ಕೈಯಿಂದ ವಾಂಡ್ ಆಡಿಸಿದರೆ ಈಗಲೂ ಫ್ಲ್ಯಾಪ್ ಆಡುತ್ತಿತ್ತು. ಆದರೆ ಕೈ ತೆಗೆದು ಬರೀ ಎಲಾಸ್ಟಿಕ್‌ಗೆ ಬಿಟ್ಟಾಗ ವಾಂಡ್ ಅರ್ಧದಲ್ಲೇ ನಿಂತಿತು. ಫಾಯಿಲ್ ಮೇಲೆ ಬೆರಳಿನಿಂದ ಟಕ್ ಅಂತ ತಟ್ಟಿದರೆ ಉಳಿದರ್ಧ ಹೋಯಿತು. ಮತ್ತೆ ಮಾಡಿದರೆ ಮತ್ತೆ ಅದೇ. ಸಿಕ್ಕಿಬಿತ್ತು!

ಕಾರಣ ಹಿಂಜ್, ಅಂದರೆ ಫ್ಲ್ಯಾಪ್ ಮಡಚುವ ಕೀಲು. ಫ್ಲ್ಯಾಪ್ ಬೇಕಾದಾಗ ಬಿಚ್ಚಲು ಬರಲಿ ಅಂತ ಬಾಗಿಲ ಕೀಲಿನ ಮಾದರಿಯಲ್ಲಿ ಸಣ್ಣ ನಳಿಗೆಗಳನ್ನು ಕೂರಿಸಿ, ಉದ್ದಕ್ಕೂ ಒಂದು ಸ್ಟೀಲ್ ತಂತಿ ಪೋಣಿಸಿದ್ದ. ಫಾಯಿಲ್ ನೇರ ಇರುವಾಗ ನಳಿಗೆಗಳೆಲ್ಲ ಒಂದೇ ಸಾಲಿನಲ್ಲಿ, ತಂತಿ ಸರಾಗ. ಫಾಯಿಲ್ ಬಾಗಿದ ಕೂಡಲೇ ನಳಿಗೆಗಳು ಕಮಾನಿನ ಮೇಲೆ ಕೂರುತ್ತವೆ, ನೇರ ತಂತಿಯನ್ನು ಕಚ್ಚಿಕೊಳ್ಳುತ್ತವೆ. ಭಾರ ಜಾಸ್ತಿಯಾದಷ್ಟೂ ಕಚ್ಚು ಜಾಸ್ತಿ. ಮನುಷ್ಯನ ಕೈಗೆ ಆ ತಿಕ್ಕಾಟ ಏನೂ ಅಲ್ಲ, ತೆಳು ಎಲಾಸ್ಟಿಕ್‌ಗೆ ಅದು ಗೋಡೆ. ಬಿಚ್ಚಿ ಹೊಂದಿಸಲು ಅನುಕೂಲವಾಗಲಿ ಅಂತ ಮಾಡಿದ ಕೀಲು ಅದು, ಮೇಜಿನ ಮೇಲೆ ಯಾರು ನೋಡಿದರೂ ಚೆನ್ನಾಗಿದೆ ಅನ್ನುತ್ತಿದ್ದರು.

ತಂತಿ ಹಿಂಜ್ ತೆಗೆದೆಸೆದು, ಕೆವ್ಲಾರ್ ಅನ್ನುವ ಗಟ್ಟಿ ಎಳೆಯ ಬಟ್ಟೆಯ ಒಂದು ಪಟ್ಟಿಯನ್ನೇ ಕೀಲಾಗಿ ಮಾಡಿದೆವು. ಮೇಲ್ಪದರದಲ್ಲಿ ಫಾಯಿಲ್‌ನಿಂದ ಫ್ಲ್ಯಾಪ್‌ಗೆ ಪಟ್ಟಿ ಹಾಯುತ್ತದೆ, ಮಡಚುವ ಗೆರೆಯಲ್ಲಿ ಮಾತ್ರ ಎಪಾಕ್ಸಿ ಗಟ್ಟಿಯಾಗದ ಹಾಗೆ ನೋಡಿಕೊಂಡು ಅಲ್ಲಿ ಮೆತ್ತನೆಯ ಸೀಲೆಂಟ್ ತುಂಬಬೇಕು. ಕೆವ್ಲಾರ್ ಮಡಚಿ ಮಡಚಿ ಮುರಿಯುವುದಿಲ್ಲ, ಕಾರ್ಬನ್ ಮುರಿಯುತ್ತದೆ, ಅದಕ್ಕೇ ಇಲ್ಲಿ ಕಾರ್ಬನ್ ಬೇಡ. ಈ ಕೀಲು ಫಾಯಿಲ್ ಜೊತೆಗೇ ಬಾಗುತ್ತದೆ. ಹೊಸ ಕೀಲಿನ ಮೇಲೆ ಅದೇ ಮರಳು ಚೀಲ ಹೇರಿ ನೋಡಿದೆವು. ಎಲಾಸ್ಟಿಕ್ ಬಿಟ್ಟರೆ ವಾಂಡ್ ಕೊನೆಯ ತನಕ ಒಂದೇ ಓಟದಲ್ಲಿ ಹೋಯಿತು. ಮತ್ತೆ ಎಳೆದು ಪರೀಕ್ಷಿಸಿದಾಗ 12 ನಾಟ್‌ನಲ್ಲೂ ದೋಣಿ ಒಂದೇ ಎತ್ತರ ಹಿಡಿದುಕೊಂಡು ಬಂತು.

ಇನ್ನು ಕೈ

ಹಾಯಿ ಏರಿಸಿ ಹೊರಟಾಗ ಹಾರಾಟ ಉದ್ದವಾಯಿತು, ಹಿಂದೆ ಸೆಕೆಂಡುಗಳಿದ್ದದ್ದು ಈಗ ನಿಮಿಷಗಳಾದವು. ಆದರೆ ಗಾಳಿಯ ಹೊಡೆತ ಬಂದಾಗಲೆಲ್ಲ ನೆಗೆತ ಇನ್ನೂ ಇತ್ತು. ಹಿಂದೆ ಆಗಿದ್ದರೆ ಮತ್ತೆ ದೋಣಿಯನ್ನೇ ಬಿಚ್ಚುತ್ತಿದ್ದೆವೇನೋ. ಈಗ ದೋಣಿ ಪರೀಕ್ಷೆಯಲ್ಲಿ ಪಾಸಾಗಿತ್ತು, ಹಾಗಾಗಿ ಕಣ್ಣು ನೇರ ಕೈ ಮೇಲೆ ಹೋಯಿತು.

ರೆಕ್ಕೆಯ ತುದಿಗೆ ಕ್ಯಾಮೆರಾ ಕಟ್ಟಿದೆವು. ಪ್ರತಿ ನೆಗೆತಕ್ಕೂ ಅರ್ಧ ಸೆಕೆಂಡು ಮೊದಲು ಮೇನ್‌ಶೀಟ್ ಹಗ್ಗ ಸರ್ರನೆ ಓಡಿಹೋಗಿದ್ದು ಕಾಣುತ್ತಿತ್ತು. ಮಾಮೂಲಿ ಡಿಂಗಿಯಲ್ಲಿ ಗಾಳಿ ಹೊಡೆದಾಗ ಹಗ್ಗ ಬಿಡುವುದು ಸರಿಯಾದ ಕೆಲಸ, ದೋಣಿ ಮಗುಚದಂತೆ ಕಾಯುವ ಕೆಲಸ. ವರ್ಷಗಳಿಂದ ಆ ಕೈ ಅದನ್ನೇ ಮಾಡಿಕೊಂಡು ಬಂದಿದೆ. ಹಾರುವ ದೋಣಿಯಲ್ಲಿ ಅದರ ಫಲವೇ ಬೇರೆ. ಹಾಯಿ ದೋಣಿಯನ್ನು ಮುಂದಕ್ಕೆ ಎಳೆಯುವುದು ಎತ್ತರದಿಂದ, ಕೆಳಗೆ ಫಾಯಿಲ್‌ನ ಎಳೆತ ಹಿಂದಕ್ಕೆ. ಎರಡೂ ಸೇರಿ ಮೂಗನ್ನು ಸದಾ ಕೆಳಗೆ ಒತ್ತುತ್ತಿರುತ್ತವೆ. ಹಗ್ಗ ಒಮ್ಮೆಲೇ ಬಿಟ್ಟರೆ ಆ ಒತ್ತಡ ಮಾಯ, ಮೂಗು ಮೇಲೇಳುತ್ತದೆ, ಫಾಯಿಲ್‌ನ ಕೋನ ಜಾಸ್ತಿಯಾಗುತ್ತದೆ, ದೋಣಿ ನೆಗೆಯುತ್ತದೆ. ವಾಂಡ್ ಎಷ್ಟೇ ಚುರುಕಾಗಿದ್ದರೂ ಅಷ್ಟು ಬೇಗ ಸರಿದೂಗಿಸಲಾರದು. ಅನುಭವಿ ಸವಾರರು ತಡವಾಗಿ ಬಿದ್ದದ್ದು ಏಕೆ ಅಂತ ಈಗ ಅರ್ಥವಾಯಿತು. ಅವರು ಹಗ್ಗವನ್ನು ಗೇಣು ಗೇಣು ಬಿಡುತ್ತಿದ್ದರು, ಗೇಣು ಗೇಣು ಎಳೆಯುತ್ತಿದ್ದರು, ಕೈ ನಿಲ್ಲುತ್ತಲೇ ಇರಲಿಲ್ಲ.

ಇದನ್ನು ಬಿಡಿಸಲು ಮಾಡಿದ್ದು ಇಷ್ಟು. ಗಾಳಿ ಜಾಸ್ತಿ ಇರುವ ದಿನ ಹೊರಡುವ ಮೊದಲೇ ಕಿಕ್ಕರ್ (ಹಾಯಿಯ ಅಡಿಕೋಲನ್ನು ಕೆಳಗೆ ಹಿಡಿಯುವ ಬಿಗಿತ) ಮತ್ತು ಕನ್ನಿಂಗ್‌ಹ್ಯಾಮ್ (ಹಾಯಿಯ ಮುಂಅಂಚನ್ನು ಕೆಳಗೆಳೆಯುವ ಹಗ್ಗ) ಬಿಗಿದು ಹಾಯಿಯನ್ನು ಚಪ್ಪಟೆ ಮಾಡಿಕೊಳ್ಳುವುದು. ಆಗ ಹೊಡೆತದ ತೀವ್ರತೆಯೇ ಕಮ್ಮಿ, ದೊಡ್ಡದಾಗಿ ಬಿಡುವ ಅಗತ್ಯವೂ ಕಮ್ಮಿ. ಗಾಳಿಯ ಕಡೆಗೆ ಇನ್ನೂ ಸ್ವಲ್ಪ ಜಾಸ್ತಿ ವಾಲಿಕೊಂಡು ಹೋಗುವುದು. ಹೊಡೆತ ಬಂದಾಗ ದೋಣಿ ನೆಟ್ಟಗಾಗುತ್ತದೆಯೇ ಹೊರತು ಆಚೆ ಬೀಳುವುದಿಲ್ಲ, ಹಾಗಾಗಿ ಕೈ ಹೆದರುವುದಿಲ್ಲ. ಕೈ ಹೆದರದಿದ್ದರೆ ಹಗ್ಗ ಓಡುವುದಿಲ್ಲ. ಉಳಿದದ್ದು ಮಧ್ಯಮ ಗಾಳಿಯಲ್ಲಿ ಒಂದೇ ನೇರ ಗೆರೆಯಲ್ಲಿ ಹೋಗಿ ಬರುವುದು, ಪದೇ ಪದೇ, ಬೇರೆ ಯಾವ ಗುರಿಯೂ ಇಲ್ಲದೆ.

ಚುಕ್ಕಾಣಿಯಲ್ಲೂ ಹೊಸ ಪಾಠ. ಹಾರುವಾಗ ದೋಣಿ ಯಾವ ಕಡೆಗೆ ಬೀಳುತ್ತಿದೆಯೋ ಆ ಕಡೆಗೇ ಸ್ವಲ್ಪ ತಿರುಗಿಸಬೇಕು, ಸೈಕಲ್ಲಿನ ಹಾಗೆ. ತಿರುಗಿಸಿದಾಗ ಫಾಯಿಲ್‌ಗಳು ಭಾರದ ಕೆಳಗೆ ಬಂದು ನಿಲ್ಲುತ್ತವೆ. ಮಾಮೂಲಿ ಡಿಂಗಿಯಲ್ಲಿ ದೋಣಿ ಆಚೆ ವಾಲಿದರೆ ಮೂಗನ್ನು ಗಾಳಿಗೆ ತಿರುಗಿಸುತ್ತೇವೆ, ಇಲ್ಲಿ ಅದೇ ಮಾಡಿದರೆ ಬೀಳುವುದು ಇನ್ನೂ ಬೇಗ. ಈ ತಿರುಗಿಸುವಿಕೆ ಕೂದಲೆಳೆಯಷ್ಟಿರಬೇಕು, ದೊಡ್ಡದಾದರೆ ವೇಗ ಸಾಯುತ್ತದೆ.

ಈಗ ಎಲ್ಲಿದ್ದೇವೆ

ಗೆಳೆಯ ಈಗ ಗಾಳಿಗೆ ಎದುರಾಗಿಯೂ, ಗಾಳಿಯ ಜೊತೆಗೂ ಹಾರಿಕೊಂಡು ಹೋಗುತ್ತಾನೆ. ರೇಸುಗಳಲ್ಲಿ ಕೊನೆಯ ಸಾಲಿನಲ್ಲಾದರೂ ಮುಗಿಸುತ್ತಾನೆ. ಕಾರ್ಖಾನೆ ದೋಣಿಗಳಿಗಿಂತ ತಡವಾಗಿ ಏಳುತ್ತದೆ, ಅದಕ್ಕೆ ತೂಕವೇ ಕಾರಣ, ಅದನ್ನು ಒಪ್ಪಿಕೊಂಡಿದ್ದೇವೆ. ಜೈಬ್, ಅಂದರೆ ಗಾಳಿಗೆ ಬೆನ್ನು ಕೊಟ್ಟು ತಿರುಗುವುದನ್ನು, ಹಾರುತ್ತಲೇ ಮಾಡುತ್ತಾನೆ, ಟ್ಯಾಕ್‌ನಲ್ಲಿ, ಅಂದರೆ ಮೂಗನ್ನು ಗಾಳಿಯ ಮೂಲಕ ದಾಟಿಸಿ ತಿರುಗುವಾಗ, ಮಾತ್ರ ಒಡಲು ಇನ್ನೂ ನೀರು ಮುಟ್ಟುತ್ತದೆ. ಅದು ಎಲ್ಲರಿಗೂ ಕೊನೆಗೆ ಬರುವ ವಿದ್ಯೆ, ಏಕೆಂದರೆ ತಿರುಗುವಾಗ ಹಾಯಿಯ ಎಳೆತ ಪೂರ್ತಿ ಇಲ್ಲವಾಗುತ್ತದೆ, ಇದ್ದ ವೇಗದಲ್ಲೇ ಆಚೆ ರೆಕ್ಕೆಗೆ ದಾಟಿಕೊಳ್ಳಬೇಕು.

ಮರಳು ಚೀಲದ ಪರೀಕ್ಷೆಯನ್ನು ಬಿಟ್ಟಿಲ್ಲ. ದೊಡ್ಡ ಪೆಟ್ಟಿನ ನಂತರ, ಹೊಸ ಭಾಗ ಹಾಕಿದ ನಂತರ, ದೋಣಿಯನ್ನು ತಲೆಕೆಳಗೆ ಮಾಡಿ ಭಾರ ಹೇರಿ ಎಲಾಸ್ಟಿಕ್‌ಗೆ ಬಿಟ್ಟು ನೋಡುತ್ತೇವೆ. ಒಮ್ಮೆ ಇದರಿಂದಲೇ ತಿರುಗು ಕೊಂಡಿಯ ಅಲ್ಯೂಮಿನಿಯಂ ತುಂಡು ಬಿಳಿಪುಡಿ ಕಟ್ಟಿ ಬಿಗಿಯಾಗಿದ್ದು ಗೊತ್ತಾಯಿತು. ಉಪ್ಪುನೀರಿನಲ್ಲಿ ಕಾರ್ಬನ್‌ಗೆ ತಗಲಿದ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ, ನಡುವೆ ಗಾಜಿನ ಬಟ್ಟೆಯ ಒಂದು ಪದರ ಹಾಕಿ ಬೇರೆ ಮಾಡಬೇಕು. ಈಗ ಹಾಕಿದ್ದೇವೆ.

ಸದ್ಯ ತಲೆ ತಿನ್ನುತ್ತಿರುವುದು ಚುಕ್ಕಾಣಿಯ ಫಾಯಿಲ್. ವೇಗ ಏರಿದಾಗ ಗುಂಯ್ ಅಂತ ಸದ್ದು ಮಾಡುತ್ತದೆ, ಟಿಲ್ಲರ್ ಹಿಡಿದ ಕೈಯೂ ನಡುಗುತ್ತದಂತೆ. ಹಿಂಅಂಚು ಮೊಂಡಾಗಿದ್ದರೆ ನೀರು ಅಲ್ಲಿಂದ ಒಮ್ಮೆ ಮೇಲಿನಿಂದ ಒಮ್ಮೆ ಕೆಳಗಿನಿಂದ ಸುಳಿಯಾಗಿ ಕಳಚುತ್ತದೆ, ಅದರ ತಾಳಕ್ಕೆ ಫಾಯಿಲ್ ನಡುಗುತ್ತದೆ. ಮುಖ್ಯ ಫಾಯಿಲ್‌ನಲ್ಲೂ ಇದಿತ್ತು. ಹಿಂಅಂಚನ್ನು ಒಂದೇ ಬದಿಯಿಂದ ಓರೆಯಾಗಿ ಉಜ್ಜಿದ ಮೇಲೆ ನಿಂತಿತು. ಚುಕ್ಕಾಣಿಯದ್ದನ್ನೂ ಹಾಗೇ ಉಜ್ಜಲು ಶುರುಮಾಡಿದ್ದಾನೆ, 400 ನಂಬರಿನ ನೀರುಕಾಗದದಲ್ಲಿ, ಸ್ವಲ್ಪ ಉಜ್ಜಿ, ನೀರಿಗಿಳಿಸಿ ಕೇಳಿ, ಮತ್ತೆ ಸ್ವಲ್ಪ ಉಜ್ಜಿ. 14 ನಾಟ್ ತನಕ ಈಗ ಸದ್ದಿಲ್ಲ, ಅದರ ಮೇಲೆ ಇನ್ನೂ ಇದೆ.